ಟಿಕೆಟ್ ತೆಗೆಸುವ ಮೊದಲು, ಔಷಧವೇ ಇಲ್ಲಿಗೆ ಬರುತ್ತದೆಯೇ ಎಂದು ಕೇಳಿ

ಮಾನ್ಯ ಸಂಪಾದಕರೆ,

“ಬೆಂಗಳೂರಿನಲ್ಲಿ ಕೈಚೆಲ್ಲಿದರು. ವಿದೇಶದಲ್ಲಿ ‘ಸ್ಪೆಷಲ್ ಆಕ್ಸೆಸ್’ ಅಂತ ಇದೆಯಂತೆ. ಮುಂಗಡ ಕಟ್ಟಿದರೆ ವೀಸಾದಿಂದ ಔಷಧದವರೆಗೆ ಎಲ್ಲ ಅವರೇ ನೋಡಿಕೊಳ್ಳುತ್ತಾರಂತೆ.” ಇಂಥ ‘ಅಂತೆ’ಗಳನ್ನು ನಂಬಿ ನೀರಾವರಿ ಹೊಲ ಮಾರುವವರು, ಒಡವೆ ಅಡ ಇಡುವವರು ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇದ್ದಾರೆ. ಆ ವ್ಯವಸ್ಥೆ ಸುಳ್ಳಲ್ಲ. ಆದರೆ ಅದನ್ನು ಮಾರುವ ರೀತಿ ಸುಳ್ಳು. ಆದ್ದರಿಂದ ಈ ಪತ್ರ.

ಮಾರುಕಟ್ಟೆಗೆ ಇನ್ನೂ ಒಪ್ಪಿಗೆ ಸಿಗದ ಔಷಧವನ್ನು ಬೇರೆ ದಾರಿಯೇ ಇಲ್ಲದ ರೋಗಿಗೆ ಕೊಡಲು ಹಲವು ದೇಶಗಳಲ್ಲಿ ಕಾನೂನಿನ ಒಂದು ಕಿಂಡಿ ಇದೆ. ಅಮೆರಿಕದಲ್ಲಿ ಅದಕ್ಕೆ ಎಕ್ಸ್‌ಪ್ಯಾಂಡೆಡ್ ಆಕ್ಸೆಸ್ ಎನ್ನುತ್ತಾರೆ. ಕೆನಡಾದಲ್ಲಿ ಸ್ಪೆಷಲ್ ಆಕ್ಸೆಸ್ ಪ್ರೋಗ್ರಾಂ, ಆಸ್ಟ್ರೇಲಿಯಾದಲ್ಲಿ ಸ್ಪೆಷಲ್ ಆಕ್ಸೆಸ್ ಸ್ಕೀಮ್. ಹೆಸರು ಯಾವುದೇ ಇರಲಿ, ಅರ್ಜಿ ಹಾಕುವವನು ಆ ದೇಶದಲ್ಲಿ ಪರವಾನಗಿ ಇರುವ ವೈದ್ಯ. ರೋಗಿಯಲ್ಲ, ರೋಗಿಯ ಮಗನಲ್ಲ, ಏಜೆಂಟನಂತೂ ಅಲ್ಲವೇ ಅಲ್ಲ. ಅಮೆರಿಕದಲ್ಲಿ ಒಬ್ಬ ರೋಗಿಗಾಗಿ ವೈದ್ಯರು ತುಂಬುವುದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎದ 3926 ಸಂಖ್ಯೆಯ ಫಾರ್ಮ್. ಅದರ ಜೊತೆಗೆ ಔಷಧ ಕಂಪನಿಯ ಒಪ್ಪಿಗೆ ಪತ್ರ, ಆಸ್ಪತ್ರೆಯ ನೈತಿಕ ಸಮಿತಿಯ ಸಮ್ಮತಿ, ರೋಗಿಯ ಲಿಖಿತ ಸಮ್ಮತಿ ಬೇಕು. ಜೀವಕ್ಕೆ ತಕ್ಷಣದ ಅಪಾಯ ಇದ್ದರೆ ಫೋನಿನಲ್ಲೇ ಒಪ್ಪಿಗೆ ಸಿಗುತ್ತದೆ, ಕಾಗದಪತ್ರವನ್ನು 15 ಕೆಲಸದ ದಿನಗಳೊಳಗೆ ಕಳಿಸಿದರಾಯಿತು. ಉಳಿದ ಅರ್ಜಿಗಳಲ್ಲಿ ಎಫ್‌ಡಿಎ ಬೇಡ ಎನ್ನದಿದ್ದರೆ 30 ದಿನಗಳ ನಂತರ ಚಿಕಿತ್ಸೆ ಶುರು ಮಾಡಬಹುದು.

ತನ್ನ ಮುಂದೆ ಬಂದ ಇಂಥ ಅರ್ಜಿಗಳಲ್ಲಿ ಬಹುಪಾಲಿಗೆ ಎಫ್‌ಡಿಎ ಹೂಂ ಎನ್ನುತ್ತದೆ. ಕೆಲಸ ನಿಲ್ಲುವುದು ಅದಕ್ಕೂ ಮೊದಲೇ, ಕಂಪನಿಯ ಬಾಗಿಲಲ್ಲಿ. ಔಷಧ ಕೊಡು ಎಂದು ಕಂಪನಿಯನ್ನು ಬಲವಂತ ಮಾಡುವ ಅಧಿಕಾರ ಎಫ್‌ಡಿಎಗೆ ಇಲ್ಲ. 2018ರಲ್ಲಿ ಬಂದ ‘ರೈಟ್ ಟು ಟ್ರೈ’ ಕಾನೂನಿನ ಕಥೆಯೂ ಅಷ್ಟೇ: ಹೆಸರಲ್ಲಿ ‘ಹಕ್ಕು’ ಇದೆ, ಕಂಪನಿ ಕೊಡಲೇಬೇಕೆಂಬ ಕಟ್ಟಳೆ ಇಲ್ಲ. ಆದ್ದರಿಂದ ಏಜೆಂಟನಿಗೆ ಒಂದು ರೂಪಾಯಿ ಕೊಡುವ ಮೊದಲು ಆ ಕಂಪನಿಯ ವೆಬ್‌ಸೈಟ್ ತೆರೆದು ನೋಡಬೇಕು. ಗಂಭೀರ ಕಾಯಿಲೆಗಳ ಪ್ರಯೋಗದ ಔಷಧ ಮಾಡುವ ಕಂಪನಿಗಳು ತಮ್ಮ ಎಕ್ಸ್‌ಪ್ಯಾಂಡೆಡ್ ಆಕ್ಸೆಸ್ ನೀತಿಯನ್ನು ಬಹಿರಂಗವಾಗಿ ಪ್ರಕಟಿಸಬೇಕು ಎಂದು ಅಮೆರಿಕದ 2016ರ ಕಾನೂನೇ ಹೇಳುತ್ತದೆ. ಯಾರನ್ನು ಕೇಳಬೇಕು, ಎಷ್ಟು ದಿನದಲ್ಲಿ ಉತ್ತರ ಬರುತ್ತದೆ ಎಂಬುದು ಅದರಲ್ಲಿರುತ್ತದೆ. ‘ಸದ್ಯ ಈ ಔಷಧವನ್ನು ಪ್ರಯೋಗದ ಹೊರಗೆ ಕೊಡುತ್ತಿಲ್ಲ’ ಎಂದು ಬರೆದಿದ್ದರೆ ವಿಷಯ ಅಲ್ಲಿಗೇ ಮುಗಿಯಿತು. ಇಷ್ಟು ನೋಡಲು ಬೇಕಾದದ್ದು ಹತ್ತು ನಿಮಿಷ ಮತ್ತು ಇಂಗ್ಲಿಷ್ ಓದಬಲ್ಲ ಒಬ್ಬ ಹುಡುಗ.

ಇನ್ನೊಂದು ಮೋಸ: “ನಮ್ಮ ಚಿಕಿತ್ಸೆ ಅಮೆರಿಕ ಸರ್ಕಾರದ ಕ್ಲಿನಿಕಲ್ ಟ್ರಯಲ್ ವೆಬ್‌ಸೈಟಿನಲ್ಲಿ ನೋಂದಣಿಯಾಗಿದೆ.” ಆ ಪಟ್ಟಿಯಲ್ಲಿ ಹೆಸರಿರುವುದು ಒಪ್ಪಿಗೆಯ ಮುದ್ರೆಯಲ್ಲ. ಪ್ರಯೋಗದಲ್ಲಿ ಭಾಗವಹಿಸಲು ಲಕ್ಷಗಟ್ಟಲೆ ಶುಲ್ಕ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಸ್ಟೆಮ್ ಸೆಲ್ ಚಿಕಿತ್ಸೆಯ ಹೆಸರಿನಲ್ಲಿ ಹೆಚ್ಚಾಗಿ ನಡೆಯುತ್ತಿರುವುದು ಇದೇ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥವನ್ನು ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಪ್ರಯೋಗ.

ಈಗ ಮುಖ್ಯ ಮಾತಿಗೆ ಬರುತ್ತೇವೆ. ರೋಗಿ ಔಷಧದ ಬಳಿಗೆ ಹೋಗುವ ಮೊದಲು ಔಷಧ ರೋಗಿಯ ಬಳಿಗೆ ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ನಮ್ಮ ದೇಶದಲ್ಲೂ ಅದೇ ಬಗೆಯ ಕಿಂಡಿಗಳಿವೆ.

ಮೊದಲನೆಯದು ಫಾರ್ಮ್ 12ಎ. ಸ್ವಂತ ಬಳಕೆಗೆ ವಿದೇಶದಿಂದ ಔಷಧ ತರಿಸಲು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಗೆ ಈ ಅರ್ಜಿ ಕೊಟ್ಟರೆ ಫಾರ್ಮ್ 12ಬಿಯಲ್ಲಿ ಪರವಾನಗಿ ಬರುತ್ತದೆ. ಅರ್ಜಿ ತಡವಾಗುವುದು, ಪ್ರಶ್ನೆ ಹಾಕಿಸಿಕೊಂಡು ವಾಪಸ್ ಬರುವುದು ಹೆಚ್ಚಾಗಿ ವೈದ್ಯರ ಚೀಟಿಯ ದೆಸೆಯಿಂದ. “3 ತಿಂಗಳು ಕೊಡಿ” ಎಂದು ಗೀಚಿದ ಚೀಟಿ ಸಾಲದು. ಔಷಧದ ಮೂಲ ಹೆಸರು, ಬ್ರಾಂಡ್ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ 2 ಮಾತ್ರೆಯಂತೆ 90 ದಿನ, ಒಟ್ಟು 180 ಮಾತ್ರೆ, ಅಂದರೆ 30ರ 6 ಡಬ್ಬಿ ಎಂದು ಲೆಕ್ಕ ಬಿಡಿಸಿ ಬರೆಸಬೇಕು. ಕೆಳಗೆ ವೈದ್ಯರ ನೋಂದಣಿ ಸಂಖ್ಯೆ, ಮೊಹರು, ದಿನಾಂಕ. ಚೀಟಿಯಲ್ಲಿ 180 ಇದ್ದು ಬಿಲ್ಲಿನಲ್ಲಿ 240 ಇದ್ದರೆ ಪೆಟ್ಟಿಗೆ ಕಸ್ಟಮ್ಸ್‌ನಲ್ಲೇ ಕೂರುತ್ತದೆ. ಅದು ಫ್ರಿಜ್‌ನಲ್ಲಿ ಇಡಬೇಕಾದ ಔಷಧವಾಗಿದ್ದರೆ ಕೂತಷ್ಟು ದಿನವೂ ಕೆಡುತ್ತದೆ.

ಎರಡನೆಯದು ನಮ್ಮ ಊರುಗಳಿಗೇ ಹೇಳಿ ಮಾಡಿಸಿದಂತಿದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಇಲ್ಲಿ ಇನ್ನೂ ಒಪ್ಪಿಗೆ ಸಿಗದ, ಆದರೆ ತಯಾರಾಗುವ ದೇಶದಲ್ಲಿ ಮಾರಾಟಕ್ಕೆ ಒಪ್ಪಿಗೆ ಪಡೆದಿರುವ ಔಷಧವನ್ನು ಜೀವಕ್ಕೆ ಅಪಾಯವಿರುವ ರೋಗಿಗಾಗಿ ಸರ್ಕಾರಿ ಆಸ್ಪತ್ರೆಯೇ ತರಿಸಬಹುದು. ಅರ್ಜಿ ಫಾರ್ಮ್ ಸಿಟಿ-24, ಪರವಾನಗಿ ಸಿಟಿ-25. ರೋಗಿಯೊಬ್ಬರಿಗೆ ಸಾಮಾನ್ಯವಾಗಿ 100 ಸರಾಸರಿ ಡೋಸ್‌ವರೆಗೆ, ವಿಶೇಷ ಸಂದರ್ಭದಲ್ಲಿ ಅದಕ್ಕಿಂತ ಹೆಚ್ಚು. ದೇಶದಲ್ಲಿ ತೃಪ್ತಿಕರ ಪರ್ಯಾಯ ಚಿಕಿತ್ಸೆ ಇಲ್ಲ, ಔಷಧ ತುರ್ತಾಗಿ ಬೇಕು ಎಂದು ಆಸ್ಪತ್ರೆಯ ಅಧೀಕ್ಷಕರು ದೃಢೀಕರಿಸಬೇಕು. ಈಗಲೂ ಎಲ್ಲರೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಮೂರೂ ಸರ್ಕಾರಿ ಸಂಸ್ಥೆಗಳೇ. ಏಮ್ಸ್ ಬರಲಿ ಎಂದು ರಾಯಚೂರಿನವರು ಧರಣಿ ಕೂತಿರುವುದು ಸರಿಯೇ. ಅದು ಬರುವವರೆಗೆ ಕೈಯಲ್ಲಿರುವ ಈ ಅಧಿಕಾರವನ್ನಾದರೂ ಬಳಸಬಹುದಲ್ಲ! 2020ರ ಜೂನ್‌ನಲ್ಲಿ ಆದ ತಿದ್ದುಪಡಿ, ಮೂರನೇ ಹಂತದ ಪ್ರಯೋಗದಲ್ಲಿರುವ ಔಷಧವನ್ನೂ ಕರುಣೆಯ ಆಧಾರದಲ್ಲಿ ತರಿಸಲು ದಾರಿ ಮಾಡಿಕೊಟ್ಟಿದೆ.

ಸುಂಕದ ವಿಷಯಕ್ಕೆ ಬಂದರೆ, 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಸ್ವಂತ ಬಳಕೆಗೆ ತರಿಸುವ ಔಷಧ ಮತ್ತು ವಿಶೇಷ ಆಹಾರಕ್ಕೆ 2023ರ ಏಪ್ರಿಲ್ 1ರಿಂದ ಮೂಲ ಕಸ್ಟಮ್ಸ್ ಸುಂಕ ಇಲ್ಲ. ಬಹುತೇಕ ಔಷಧಗಳಿಗೆ ಈ ಸುಂಕ ಶೇ 10 ಇರುತ್ತದೆ, ಅಂದರೆ 10 ಲಕ್ಷದ ಔಷಧಕ್ಕೆ 1 ಲಕ್ಷ ಉಳಿತಾಯ. ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ದೆಹಲಿಯಿಂದ ತರಬೇಕಿಲ್ಲ. ಜಿಲ್ಲಾ ವೈದ್ಯಾಧಿಕಾರಿ ಅಥವಾ ಜಿಲ್ಲಾ ಶಸ್ತ್ರಚಿಕಿತ್ಸಕರ ಸಹಿ ಸಾಕು. ಆಮದಿನ ಮೇಲೆ ಬೀಳುವ ಐಜಿಎಸ್‌ಟಿ ತೆರಿಗೆಯ ಲೆಕ್ಕ ಬೇರೆ, ಅದನ್ನು ಪ್ರತ್ಯೇಕವಾಗಿ ಕೇಳಿ ತಿಳಿದುಕೊಳ್ಳಬೇಕು.

ಅದೇ ನೀತಿಯಡಿ ರೋಗಿಯೊಬ್ಬರಿಗೆ 50 ಲಕ್ಷದವರೆಗೆ ನೆರವಿದೆ. ಹಣ ಕುಟುಂಬದ ಕೈಗೆ ಬರುವುದಿಲ್ಲ, ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರಕ್ಕೆ ಹೋಗುತ್ತದೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಆಸ್ಪತ್ರೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರ ಸೇರಿ ಒಂದು ಕೇಂದ್ರವಾದರೆ, ಹೈದರಾಬಾದಿನ ನಿಮ್ಸ್ ಆಸ್ಪತ್ರೆ ಮತ್ತು ಡಿಎನ್‌ಎ ಸಂಶೋಧನಾ ಕೇಂದ್ರವಾದ ಸಿಡಿಎಫ್‌ಡಿ ಸೇರಿ ಇನ್ನೊಂದು. ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ.

ಎಸ್‌ಎಂಎ ಎಂಬ ಸ್ನಾಯು ಸೊರಗುವ ಕಾಯಿಲೆಯ ಮಕ್ಕಳ ವಿಷಯದಲ್ಲಿ ಗಡಿಯಾರ ಓಡುತ್ತಿರುತ್ತದೆ. ಸುಮಾರು 16–17 ಕೋಟಿ ಬೆಲೆಯ ಜೀನ್ ಚಿಕಿತ್ಸೆಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿದ್ದು 2 ವರ್ಷದೊಳಗಿನ ಮಕ್ಕಳಿಗೆ. ಆ ಔಷಧವನ್ನು ಹೊತ್ತೊಯ್ಯುವ ಎಎವಿ9 ವೈರಸ್ಸಿನ ವಿರುದ್ಧ ಮಗುವಿನ ರಕ್ತದಲ್ಲಿ ಮೊದಲೇ ಪ್ರತಿಕಾಯ ಹೆಚ್ಚಿದ್ದರೆ ಹಣ ಇದ್ದರೂ ಕೊಡಲಾಗುವುದಿಲ್ಲ. ಆದ್ದರಿಂದ ದೇಣಿಗೆಯ ಡಬ್ಬಿ ಹಿಡಿಯುವ ಮೊದಲು ಆ ರಕ್ತಪರೀಕ್ಷೆ ಆಗಬೇಕು. ಅದೇ ಕಾಯಿಲೆಗೆ ಬಾಯಿಂದ ಕೊಡುವ ರಿಸ್ಡಿಪ್ಲಾಂ ಇದೆ. ಬಾಟಲಿಗೆ ಲಕ್ಷಗಟ್ಟಲೆ ಇದ್ದ ಈ ಔಷಧವನ್ನು 2025ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ನ್ಯಾಟ್ಕೊ ಕಂಪನಿ 15,900 ರೂಪಾಯಿಗೆ ತಂದಿತು. ಪುಡಿಗೆ ಔಷಧಾಲಯದಲ್ಲೇ ಅಳತೆಯ ನೀರು ಬೆರೆಸಿಕೊಳ್ಳಬೇಕು. ಮೂಲ ಔಷಧದ ಸೂಚನೆಯಂತೆ ಬೆರೆಸಿದ ಮೇಲೆ ಫ್ರಿಜ್‌ನಲ್ಲಿ 64 ದಿನ, ಆಮೇಲೆ ಉಳಿದಿದ್ದರೂ ಚೆಲ್ಲಬೇಕು. ಇದು ಗೊತ್ತಿಲ್ಲದೆ ಪಾಸ್‌ಪೋರ್ಟಿಗೆ ಓಡುವವರಿದ್ದಾರೆ. ರಕ್ತದ ಕ್ಯಾನ್ಸರಿನಲ್ಲೂ ಹಾಗೇ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರ ಸೇರಿ ರೂಪಿಸಿದ, ರೋಗಿಯದೇ ರಕ್ಷಣಾ ಕೋಶಗಳನ್ನು ಮಾರ್ಪಡಿಸಿ ಕ್ಯಾನ್ಸರಿನ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲೇ ಇಲ್ಲಿ ಒಪ್ಪಿಗೆ ಸಿಕ್ಕಿದೆ. ಮರುಕಳಿಸಿದ ಬಿ-ಸೆಲ್ ರಕ್ತಕ್ಯಾನ್ಸರಿನವರು ವಿಮಾನಕ್ಕಿಂತ ಮೊದಲು ಮುಂಬೈ ರೈಲು ನೋಡುವುದು ಒಳ್ಳೆಯದು.

ಇಷ್ಟೆಲ್ಲ ನೋಡಿದ ಮೇಲೂ ಹೋಗಲೇಬೇಕಾದ ಸಂದರ್ಭಗಳಿವೆ. ಯಾವ ಆ್ಯಂಟಿಬಯೋಟಿಕ್ಕಿಗೂ ಬಗ್ಗದ ಸೋಂಕಿಗೆ ಫೇಜ್ (ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್) ಚಿಕಿತ್ಸೆ ಅರಸಿ, 1923ರಲ್ಲಿ ಶುರುವಾದ ಜಾರ್ಜಿಯಾದ ಟಿಬಿಲಿಸಿಯ ಎಲಿಯಾವ ಸಂಸ್ಥೆಗೆ ಹೊರದೇಶದ ರೋಗಿಗಳು ಹೋಗುತ್ತಾರೆ. ಅಲ್ಲಿ ಮೊದಲ ಪ್ರಶ್ನೆ: ನಿಮ್ಮ ಬ್ಯಾಕ್ಟೀರಿಯಾಕ್ಕೆ ನಮ್ಮ ಫೇಜ್ ತಾಗುತ್ತದೆಯೇ? ಅದಕ್ಕೆ ವರದಿ ಸಾಲದು, ಜೀವಂತ ಬ್ಯಾಕ್ಟೀರಿಯಾವೇ ಬೇಕು. ನಮ್ಮ ಲ್ಯಾಬ್‌ಗಳು ವರದಿ ಕೊಟ್ಟು ಕೆಲವು ದಿನಕ್ಕೆ ಅದನ್ನು ಬೆಳೆಸಿದ ಪ್ಲೇಟ್ ಎಸೆದುಬಿಡುತ್ತವೆ. ಕಲ್ಚರ್‌ಗೆ ಕೊಡುವ ದಿನವೇ “ಐಸೋಲೇಟ್ (ಬೇರ್ಪಡಿಸಿ ಬೆಳೆಸಿದ ಬ್ಯಾಕ್ಟೀರಿಯಾ) ಇಟ್ಟಿರಿ” ಎಂದು ಬರೆದು ಕೊಡಬೇಕು. ಕಳಿಸುವಾಗ ಜೈವಿಕ ಮಾದರಿಗಳಿಗೆ ಹಾಕುವ ಯುಎನ್ 3373 ಗುರುತಿನ ಮೂರು ಪದರದ ಪ್ಯಾಕಿಂಗ್ ಬೇಕು, ಸಾಮಾನ್ಯ ಕೊರಿಯರ್‌ನವರು ತೆಗೆದುಕೊಳ್ಳುವುದಿಲ್ಲ.

ಕ್ಯಾನ್ಸರ್ ರೋಗಿಗಳು ವಿದೇಶಕ್ಕೆ ಕಳಿಸುವ, ಬಯಾಪ್ಸಿಯ ಅಂಗಾಂಶ ಹುದುಗಿಸಿಟ್ಟ ಮೇಣದ ಬ್ಲಾಕ್‌ಗಳಿಗೆ ನಮ್ಮ ಬಿಸಿಲೇ ಶತ್ರು. ಮೇಣ ಕರಗುವುದು 56ರಿಂದ 60 ಡಿಗ್ರಿಯಲ್ಲಿ. ಮೇ ತಿಂಗಳಲ್ಲಿ ಬಳ್ಳಾರಿಯ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅಷ್ಟು ಕಾಯುತ್ತದೆ. ಮೆದುವಾದ ಬ್ಲಾಕ್‌ನಲ್ಲಿ ಅಂಗಾಂಶದ ಚೂರು ಜರುಗಿ ಮತ್ತೆ ತೆಳುವಾಗಿ ಕೊಯ್ಯಲು ಬಾರದೆ ಹೋದರೆ ಎರಡನೇ ಬಯಾಪ್ಸಿಯೇ ಗತಿ. ಥರ್ಮೋಕೋಲ್ ಡಬ್ಬಿ, ಜೊತೆಗೊಂದು ಜೆಲ್ ಪ್ಯಾಕ್. ಇರುವ ಬ್ಲಾಕ್‌ಗಳನ್ನೆಲ್ಲ ಒಂದೇ ಸಲ ಕಳಿಸಬೇಡಿ.

ಹೆಸರಿನ ಗೋಜಲು ಇನ್ನೊಂದು. ಆಧಾರ್‌ನಲ್ಲಿ ‘ಹುಲಿಗೆಮ್ಮ’, ಆಸ್ಪತ್ರೆ ಚೀಟಿಯಲ್ಲಿ ‘ಎಚ್. ಹುಲಿಗೆಮ್ಮ’, ಬಯಾಪ್ಸಿ ವರದಿಯಲ್ಲಿ ‘ಹುಲಿಗಮ್ಮ ಗಂಡ ಇಂಥವರು’. ಮೂರೂ ಒಬ್ಬರೇ ಎಂದು ನಮಗೆ ಗೊತ್ತು, ಕಾನ್ಸುಲೇಟಿಗೆ ಗೊತ್ತಿಲ್ಲ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಬಂದು ಕೂರುತ್ತದೆ. ಇನಿಷಿಯಲ್ ಅನ್ನು ಪೂರ್ತಿ ಹೆಸರಾಗಿ ಬರೆಸಿ ಪಾಸ್‌ಪೋರ್ಟ್ ಮಾಡಿಸಿ, ಮುಂದಿನ ಪ್ರತಿ ವರದಿಯೂ ಅದೇ ಹೆಸರಿನಲ್ಲಿ ಬರಲಿ. ಚಿಕಿತ್ಸೆಗೆ ಹೋಗುವವರು ಕೇಳುವ ಅಮೆರಿಕದ ಬಿ-2 ವೀಸಾಕ್ಕೆ ಇಲ್ಲಿನ ವೈದ್ಯರಿಂದ ರೋಗನಿರ್ಣಯದ ಪತ್ರ ಬೇಕು. ಅಲ್ಲಿನ ಆಸ್ಪತ್ರೆಯಿಂದ ಚಿಕಿತ್ಸೆ ಕೊಡುತ್ತೇವೆ, ಇಷ್ಟು ದಿನ, ಇಷ್ಟು ಖರ್ಚು ಎಂಬ ಪತ್ರ ಬೇಕು. ಆ ಖರ್ಚು ಯಾರು ಕೊಡುತ್ತಾರೆ ಎಂಬುದಕ್ಕೆ ದಾಖಲೆಯೂ ಬೇಕು.

ಹಣ ಕಳಿಸುವಾಗ ಬ್ಯಾಂಕಿನ ಎ2 ಫಾರ್ಮ್‌ನಲ್ಲಿ ಉದ್ದೇಶದ ಕೋಡ್ ಎಸ್0304, ಅಂದರೆ ವೈದ್ಯಕೀಯ ಪ್ರಯಾಣ, ಎಂದೇ ಇರಲಿ. ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಅದನ್ನು ಮೀರಿದರೆ ವೈದ್ಯರ ಅಂದಾಜು ಪಟ್ಟಿ ಬೇಕು. 2025ರ ಏಪ್ರಿಲ್‌ನಿಂದ 10 ಲಕ್ಷ ರೂಪಾಯಿವರೆಗೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕ್ ಹಿಡಿದುಕೊಳ್ಳುವ ತೆರಿಗೆ) ಇಲ್ಲ. ದಾಟಿದ ಮೊತ್ತಕ್ಕೆ ಚಿಕಿತ್ಸೆಯ ಕೋಡ್ ಇದ್ದರೆ ಕಡಿಮೆ ದರ, ‘ಉಡುಗೊರೆ’ ಎಂದೇನಾದರೂ ಬರೆದರೆ ಶೇ 20. 30 ಲಕ್ಷ ಕಳಿಸಿದಾಗ ಆ ಒಂದು ತಪ್ಪಿಗೆ 4 ಲಕ್ಷ ಕಟ್ಟಾಗುತ್ತದೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ವಾಪಸ್ ಬರುತ್ತದೆ ನಿಜ. ಆದರೆ ಭತ್ತ, ಮೆಣಸಿನಕಾಯಿ ಬೆಳೆದು ಬದುಕುವವರು ಜನ್ಮದಲ್ಲಿ ರಿಟರ್ನ್ ಸಲ್ಲಿಸಿರುವುದಿಲ್ಲ, ದುಡ್ಡು ಅಲ್ಲೇ ಉಳಿಯುತ್ತದೆ.

ವಾಪಸ್ ಬರುವಾಗ ತಮ್ಮದೇ ಬಳಕೆಗೆ ಒಂದೊಂದು ಔಷಧವೂ 100 ಸರಾಸರಿ ಡೋಸ್‌ವರೆಗೆ ಲಗೇಜಿನಲ್ಲಿ ತರಬಹುದು, ಚೀಟಿ ಕೈಯಲ್ಲಿರಲಿ. 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಚುಚ್ಚುಮದ್ದನ್ನು ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ. ಗಟ್ಟಿ ಮಂಜಾದ ಜೆಲ್ ಪ್ಯಾಕಿಗೆ ಶೀಶೆ ನೇರವಾಗಿ ತಾಗಬಾರದು, ನಡುವೆ ಒಂದು ಟವೆಲ್ ಇರಲಿ. ಪ್ರೋಟೀನ್ ಔಷಧ ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಿತೆಂದೇ ಲೆಕ್ಕ, ಕರಗಿದ ಮೇಲೆ ನೋಡಲು ಮೊದಲಿನಂತೆಯೇ ತಿಳಿಯಾಗಿ ಕಾಣಬಹುದು. ಹೈದರಾಬಾದಿನಿಂದ ರಾಯಚೂರಿನವರೆಗಿನ ಕಾರಿನ ಹಾದಿಯಲ್ಲಿ ಬಿಸಿಗೆ ಹೆದರಿ ಮಂಜುಗಡ್ಡೆ ತುಂಬುವವರ ಔಷಧ ಕೆಡುವುದು ಬಿಸಿಯಿಂದಲ್ಲ, ಆ ಮಂಜಿನಿಂದಲೇ.

ಮೂರೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳಲ್ಲಿ ಒಂದು ವಿನಂತಿ. ಸುಂಕ ವಿನಾಯಿತಿಯ ಪ್ರಮಾಣಪತ್ರದ ಮಾದರಿ, 12ಎ ಮತ್ತು ಸಿಟಿ-24 ಅರ್ಜಿಗಳಿಗೆ ಬೇಕಾದ ದಾಖಲೆಗಳ ಪಟ್ಟಿ, ಸಹಿ ಮಾಡುವ ಅಧಿಕಾರಿ ಕೂರುವ ಕೋಣೆಯ ಸಂಖ್ಯೆ, ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಜಿಲ್ಲಾ ಆಸ್ಪತ್ರೆಗಳ ಹೊರರೋಗಿ ವಿಭಾಗದ ಗೋಡೆಗೆ ಅಂಟಿಸಬೇಕು.

– ಇಬ್ಬರು ಹಿರಿಯ ಫಾರ್ಮಸಿಸ್ಟರು, ಬಳ್ಳಾರಿ