ಸುಗಂಧಿಗೆ ನೀರು ಬೇಕು, ಮಗಳೇ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಸುರುಳಿ ಸುಗಂಧಿಯ ಎಲೆಯಂಚು ಕಂದು ತಿರುಗಿ ತುದಿ ಸುರುಟುತ್ತಿದೆ ಅಂತ. ಯಾವ ಔಷಧಿಯನ್ನೂ ತಂದು ಹೊಡೆಯಬೇಡ. ಬೆಂಗಳೂರಿನ ಏಪ್ರಿಲ್ ಬಿಸಿಲಿಗೆ ಅದಕ್ಕೆ ಬಾಯಾರಿಕೆಯಾಗಿದೆ. ದಾಸವಾಳಕ್ಕೆ ಮಾಡುವ ಹಾಗೆ ಮೇಲ್ಮಣ್ಣು ಒಣಗಲಿ ಎಂದು ಕಾಯುತ್ತೀಯಲ್ಲ, ಸುಗಂಧಿಗೆ ಆ ಲೆಕ್ಕ ನಡೆಯುವುದಿಲ್ಲ. ಅದರ ಬುಡ ಒಣಗಲೇಬಾರದು.

ನಮ್ಮಲ್ಲಿ ಅದು ಎಲ್ಲೆಲ್ಲಿ ಬೆಳೆದಿದೆ ನೆನಪು ಮಾಡಿಕೋ. ಬಚ್ಚಲ ಹಿಂದೆ, ಬಾವಿಕಟ್ಟೆಯ ನೀರು ಹರಿದುಹೋಗುವಲ್ಲಿ, ತೋಟದ ಬಸಿಗಾಲುವೆಯ ಅಂಚಿನಲ್ಲಿ. ಹಿಮಾಲಯದ ತಪ್ಪಲಿನ ತೇವದ ಕಾಡು, ಹಳ್ಳದ ದಡ ಅದರ ತವರು. ಶುಂಠಿ, ಅರಿಶಿನದ ಬಳಗದ್ದು. ಗಡ್ಡೆ ಮುರಿದು ಮೂಸಿದರೆ ನಿನಗೇ ತಿಳಿಯುತ್ತದೆ.

ಕುಂಡ ಆಳವಾಗಿರುವುದಕ್ಕಿಂತ ಅಗಲವಾಗಿರಲಿ. ಗಡ್ಡೆ ಕೆಳಕ್ಕೆ ಇಳಿಯುವುದಿಲ್ಲ, ಪಕ್ಕಕ್ಕೆ ಹರಿಯುತ್ತದೆ. ಅದನ್ನು ಆಳಕ್ಕೆ ಹೂಳಬೇಡ, ಬೆನ್ನು ಸ್ವಲ್ಪ ಕಾಣುವಂತಿದ್ದರೆ ಒಳ್ಳೆಯದು. ಕೆಮ್ಮಣ್ಣಿಗೆ ಅರ್ಧದಷ್ಟು ಎರೆಗೊಬ್ಬರವನ್ನೋ ಹಳೆಯ ಸಗಣಿ ಗೊಬ್ಬರವನ್ನೋ ಸೇರಿಸಿ, ಮೇಲೆ ತರಗೆಲೆಯನ್ನೋ ತೆಂಗಿನ ನಾರನ್ನೋ ದಪ್ಪಗೆ ಹಾಸು. ಬೇಸಿಗೆ ಮುಗಿಯುವವರೆಗೆ ಕುಂಡದಡಿ ತಟ್ಟೆ ಇಟ್ಟು ನೀರು ನಿಲ್ಲಿಸು. ಆದರೆ ವಾರಕ್ಕೆರಡು ಸಲ ತಟ್ಟೆಯ ನೀರು ಚೆಲ್ಲಿ, ಉಜ್ಜಿ ತೊಳೆ. ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ನೀನೇ ಜಾಗ ಮಾಡಿಕೊಟ್ಟಂತಾಗುತ್ತದೆ. ನಿಮ್ಮಲ್ಲಿ ಬೋರ್‌ವೆಲ್ ನೀರಾದರೆ ಅದರ ಉಪ್ಪಿನಂಶಕ್ಕೂ ಎಲೆಯ ತುದಿ ಸುಡುತ್ತದೆ. ಅಕ್ಕಿ, ಬೇಳೆ ತೊಳೆದ ನೀರನ್ನು ಸಿಂಕಿಗೆ ಸುರಿಯದೆ ಇದಕ್ಕೇ ಹಾಕು. ಮಳೆ ಶುರುವಾದ ಮೇಲೆ ಕುಂಡವನ್ನು ಮಳೆ ಬೀಳುವ ಕಡೆಗೆ ಸರಿಸಿಬಿಡು.

ಬೆಳಗಿನ ಎಳೆಬಿಸಿಲು ಬೇಕು, ಮಧ್ಯಾಹ್ನದ್ದು ಬೇಡ. ಪೂರಾ ನೆರಳಿನಲ್ಲಿಟ್ಟರೆ ಎಲೆ ಸೊಂಪಾಗಿ ಬರುತ್ತದೆ, ಹೂ ಮಾತ್ರ ಬರುವುದಿಲ್ಲ.

ಇನ್ನೊಂದು ವಿಷಯ. ಒಮ್ಮೆ ಹೂಬಿಟ್ಟ ದಂಟು ಮತ್ತೆ ಹೂಬಿಡುವುದಿಲ್ಲ. ಹೂ ಮುಗಿದು ಹಳದಿಯಾದ ಮೇಲೆ ಅದನ್ನು ಬುಡದಲ್ಲಿ ಕೊಯ್ದು ತೆಗೆ. ಚಳಿಗಾಲದಲ್ಲಿ ಗಿಡ ಸೊರಗಿ, ಸತ್ತೇಹೋಯಿತೇನೋ ಅನ್ನಿಸುತ್ತದೆ. ಕುಂಡ ಬರಿದು ಮಾಡಬೇಡ! ಗಡ್ಡೆ ಜೀವಂತವಾಗಿರುತ್ತದೆ. ಆಗ ನೀರು ಕಡಿಮೆ ಮಾಡು, ಪೂರ್ತಿ ನಿಲ್ಲಿಸಬೇಡ.

ಶ್ರಾವಣ, ಭಾದ್ರಪದದಲ್ಲಿ ದಂಟಿನ ತುದಿಗೆ ಹಸಿರು ಗೊಂಡೆ ಮೂಡುತ್ತದೆ. ಒಂದರ ಮೇಲೊಂದು ಹೊದೆಸಿದ ಹಸಿರು ಸಿಪ್ಪೆಗಳ ಸಂದಿನಿಂದ ಸುರುಳಿ ಸುತ್ತಿದ ಬಿಳಿ ಮೊಗ್ಗು ಹೊರಗೆ ಚಾಚುತ್ತದೆ, ಇಳಿಹೊತ್ತಿಗೆ ಬಿಚ್ಚಿಕೊಳ್ಳುತ್ತದೆ. ಅವಸರ ಮಾಡದೆ ಹತ್ತಿರದಿಂದ ನೋಡು. ನಾವು ಎಸಳು ಅಂದುಕೊಳ್ಳುವ ಆ ಅಗಲವಾದ ಬಿಳಿ ಭಾಗಗಳು ಎಸಳಲ್ಲ, ರೂಪ ಬದಲಿಸಿಕೊಂಡ ಕೇಸರಗಳು. ನಿಜವಾದ ಎಸಳು ಹಿಂದೆ ಸಣ್ಣ ಪಟ್ಟಿಯ ಹಾಗೆ ಜೋತಿರುತ್ತದೆ. ಪರಾಗ ಕೊಡುವ ಕೇಸರ ಒಂದೇ ಒಂದು, ಶಲಾಕೆಯನ್ನು, ಅಂದರೆ ಹೂವಿನ ಹೆಣ್ಣುಭಾಗದ ಸಣ್ಣ ಕಡ್ಡಿಯನ್ನು, ತಬ್ಬಿಕೊಂಡಿರುತ್ತದೆ. ಮಕರಂದವಿರುವುದು ಉದ್ದನೆಯ ಕೊಳವೆಯ ತಳದಲ್ಲಿ, ಅಲ್ಲಿಗೆ ಉದ್ದ ಸೊಂಡಿಲಿನ ಪತಂಗಗಳ ನಾಲಿಗೆ ಮುಟ್ಟುತ್ತದೆ. ಬಿಳಿ ಬಣ್ಣ, ಕತ್ತಲಾದಂತೆ ಏರುವ ಪರಿಮಳ ಎರಡೂ ಆ ಪತಂಗಗಳಿಗಾಗಿ. ರಾತ್ರಿ ಬಾಲ್ಕನಿಯ ದೀಪ ಆರಿಸಿ ಕೂತರೆ ನಿನಗೂ ಕಂಡೀತು.

ಹೂ ಒಂದೆರಡು ದಿನ ಬಾಳಿದರೆ ಹೆಚ್ಚು. ದೇವರಿಗೆ, ಮುಡಿಗೆ ಬೇಕಾದರೆ ಬಲಿತ ಮೊಗ್ಗನ್ನೇ ಸಂಜೆ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿಡು.

ಎರಡು ಮೂರು ವರ್ಷಕ್ಕೆ ಕುಂಡ ಕಿಕ್ಕಿರಿಯುತ್ತದೆ. ಮಳೆಗಾಲದ ಆರಂಭದಲ್ಲಿ ಗಡ್ಡೆ ಕಿತ್ತು, ಒಂದೊಂದು ತುಂಡಿನಲ್ಲೂ ಒಂದೆರಡು ಮೊಳಕೆ ಇರುವಂತೆ ಮುರಿದು ನೆಡು. ಉಳಿದದ್ದನ್ನು ಅಕ್ಕಪಕ್ಕದವರ ಕುಂಡಕ್ಕೆ ಕೊಡು, ಆದರೆ ಕೆರೆಯಂಚಿಗೋ ರಾಜಕಾಲುವೆಗೋ ಎಸೆಯಬೇಡ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಕ್ಯೂಬಾದವರು 1936ರಲ್ಲಿ ಇದನ್ನು ತಮ್ಮ ರಾಷ್ಟ್ರೀಯ ಹೂವಾಗಿ ಮಾಡಿಕೊಂಡರು, ಅಷ್ಟು ಪ್ರೀತಿ ಅವರಿಗೆ. ಅದೇ ಗಿಡ ಬ್ರೆಜಿಲ್‌ನಲ್ಲೂ ಹವಾಯಿಯಲ್ಲೂ ತೊರೆಯ ಬದಿಯನ್ನೆಲ್ಲ ಆವರಿಸಿ, ಅಲ್ಲಿಯದೇ ಗಿಡಗಳಿಗೆ ಜಾಗವಿಲ್ಲದಂತೆ ಮಾಡಿದೆ. ಗಡ್ಡೆಯ ಒಂದು ಚೂರು ನೀರಿನಲ್ಲಿ ತೇಲಿಹೋಗಿ ಎಲ್ಲೋ ದಡ ಹತ್ತಿದರೂ ಸಾಕು, ಚಿಗುರುತ್ತದೆ. ಬೇಡವಾದ ಗಡ್ಡೆಯನ್ನು ಸಣ್ಣಗೆ ಕತ್ತರಿಸಿ, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಆಮೇಲೆ ಗೊಬ್ಬರದ ಡಬ್ಬಿಗೆ ಹಾಕು.

ಇಂತಿ,
ನಿನ್ನ ಅಮ್ಮ