ಪಬ್ಲಿಕ್ ಗಾರ್ಡನ್‌ನಲ್ಲಿ ಸಿಕ್ಕ ಕಾಕಾ, ನಮ್ಮ ಆರ್ಕಿಡ್ ಮತ್ತೆ ಹೂ ಬಿಟ್ಟಿದೆ

ಕಾಕಾ, ನಿಮ್ಮ ಹೆಸರು ಕೇಳಲೇ ಇಲ್ಲ. ಕಳೆದ ಜೂನ್‌ನಲ್ಲಿ ಕಲಬುರಗಿಯ ಪಬ್ಲಿಕ್ ಗಾರ್ಡನ್ ಬೆಂಚಿನ ಮೇಲೆ ಕುಂಡ ಹಿಡಿದು ಕೂತಿದ್ದೆ, ಅಮ್ಮನಿಗೆ ಪ್ರೀತಿಯ ಫಲೆನಾಪ್ಸಿಸ್ ಆರ್ಕಿಡ್, ಹೂವೆಲ್ಲ ಉದುರಿ ಎಲೆ ಸುಕ್ಕಾಗಿತ್ತು. ನೀವಾಗಿಯೇ ಬಂದು, "ಸತ್ತಿಲ್ಲವ್ವಾ, ನೀರು ಜಾಸ್ತಿ ಆಗ್ಯಾದ" ಅಂದಿರಿ.

ಮಾರಿದವರು ದಿನಾ ನೀರು ಹಾಕಿ ಅಂದಿದ್ದರು. ನೀವು ಬೇರು ಮುಟ್ಟಿಸಿ ತೋರಿಸಿದಿರಿ, ಮೆತ್ತಗಿರೋದು ಕೊಳೆತದ್ದು, ಗಟ್ಟಿಯಾಗಿರೋದು ಬದುಕಿದ್ದು, ಬೇರು ಹಸಿರಾಗಿದ್ದರೆ ನೀರು ಬೇಡ, ಬೆಳ್ಳಿ ಬಣ್ಣಕ್ಕೆ ತಿರುಗಿದಾಗ ಮಾತ್ರ ಹಾಕಬೇಕು ಅಂತ. ಮನೆಗೆ ಬಂದವಳೇ ಕೊಳೆತದ್ದನ್ನು ಕತ್ತರಿಸಿ, ಮಣ್ಣು ತೆಗೆದು, ಮರದ ತೊಗಟೆ ಚೂರು ಮತ್ತು ಇದ್ದಿಲು ತುಂಬಿದೆ. ಕುಂಡ ಪೂರ್ವದ ಕಿಟಕಿಗೆ ಹೋಯಿತು. ನಮ್ಮ ಮಧ್ಯಾಹ್ನದ ಬಿಸಿಲು ಬಿದ್ದರೆ ಎಲೆ ಸುಟ್ಟೇ ಹೋಗುತ್ತೆ, ಅಲ್ವಾ?

ನೀವು ಹೇಳಿದ ಇನ್ನೊಂದು ಮಾತನ್ನು ಆಗ ಪೂರ್ತಿ ನಂಬಿರಲಿಲ್ಲ: ಚಳಿಗಾಲದಲ್ಲಿ ರಾತ್ರಿ ತಂಪಾದರೆ ಅದೇ ಹೂದಂಟು ಬಿಡುತ್ತೆ. ಡಿಸೆಂಬರ್‌ನಲ್ಲಿ ರಾತ್ರಿ ಕಿಟಕಿ ತೆರೆದಿಟ್ಟೆ. ಜನವರಿಯಲ್ಲಿ ಎಲೆಯ ಬುಡದಿಂದ ಏನೋ ಹಸಿರು ಮೂಡಿತು, ಬೇರು ಅಂದುಕೊಂಡೆ, ದಂಟು ಅದು!

ಇವತ್ತು 5 ಹೂ ಅರಳಿವೆ. ಅಮ್ಮ ಬೆಳಿಗ್ಗೆ ಚಹಾ ಕುಡಿಯೋದೇ ಆ ಕಿಟಕಿ ಹತ್ತಿರ. ನಿಮಗೆ ತುಂಬಾ ಥ್ಯಾಂಕ್ಸ್ ಕಾಕಾ, ಮತ್ತೆ ಸಿಕ್ಕರೆ ಮನೆಗೆ ಬನ್ನಿ.