ಗೆಳೆಯನಿಗೊಂದು ಪತ್ರ: ಕಾಕಾಗ ಡಂಬೆಲ್ ಬ್ಯಾಡ

ಬಸು, ಶರಣು.

ಕಾಕಾಗ ದಿನಾ ಡಂಬೆಲ್ ಎತ್ತಸ್ರಿ, ಮಟನ್ ಸೂಪ್ ಕುಡಸ್ರಿ ಅಂತ ಪುಣೆದಿಂದ ಫೋನ್ ಮಾಡ್ತಿ. ಸೂಪ್ ಇರ್ಲಿ, ಕಾಕಾಗ ಬಂದಿರೋದು ಎಎಲ್‌ಎಸ್, ಸ್ನಾಯು ನಡಸೋ ನರ ಸಾಯೋ ಬ್ಯಾನಿ; ಇದರೊಳಗ ತೂಕ ಇಳೀಬಾರದು. ಡಂಬೆಲ್ ಬ್ಯಾಡ. ಫಿಸಿಯೊಥೆರಪಿ ನಂದೇ ಕೆಲಸ, ಅದಕ್ಕ ಹೇಳ್ತೀನಿ.

ಹೋದ ಐತ್ವಾರ ಅವರ ಬಲಗೈ ಹಿಡಿದು ನೋಡ್ದೆ. ಹೆಬ್ಬೆರಳು, ತೋರುಬೆರಳಿನ ನಡುವ ಮಾಂಸ ಇಳಿದು ಕುಣಿ ಬಿದ್ದದ. ರೊಟ್ಟಿ ಮುರೀಲಿಕ್ಕೆ ಎಡಗೈ ಬೇಕು. ಮುಂಗೈ ಚರ್ಮದ ಕೆಳಗ ಸಣ್ಣಗ ಪಟಪಟ ಅದರ್ತಿತ್ತು. ಮುಟ್ಟಿದ್ದೆಲ್ಲಾ ಗೊತ್ತಾಗ್ತದ, ಸ್ಪರ್ಶದ ನರಗಳು ಬ್ಯಾರೆ.

ಎಎಲ್‌ಎಸ್ ಒಳಗ ಮೊದಲು ಸಾಯೋದು ಸ್ನಾಯು ನಡಸೋ ನರಕೋಶ, ಮೋಟಾರ್ ನ್ಯೂರಾನ್. ಬೆನ್ನುಹುರಿಯೊಳಗಿನ ಒಂದೊಂದು ಕೋಶ ಉದ್ದನ್ನ ಎಳೆ ಚಾಚಿ ಸ್ನಾಯುವಿನ ಒಂದು ಗುಂಪು ನಾರು ಆಳ್ತದ. ಬೆರಳೊಳಗ ಗುಂಪು ಸಣ್ಣದು, ಮೀನಖಂಡದೊಳಗ ಸಾವಿರದಷ್ಟು ನಾರು. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಬಂದ್ರೇ ನಾರು ಬಿಗೀತದ. ಕೋಶ ಸತ್ರ ಹುಕುಂ ನಿಂತು, ನಾರು ತನ್ನ ಪ್ರೋಟೀನ್ ತಾನೇ ಒಡೀಲಿಕ್ಕೆ ಹತ್ತತದ. ತೆಳ್ಳಗಾಗ್ತಾ ಹೋಗಿ ಕಡೀಕ ಅಲ್ಲಿ ಕೊಬ್ಬು, ಗಟ್ಟಿ ಅಂಗಾಂಶ ತುಂಬ್ಕೋತದ.

ನಡುವಿನ ಕಥಿ ಮಾತ್ರ ಭಾಳ ವಿಚಿತ್ರ. ಪಕ್ಕದ ಜೀವಂತ ನರ ಹೊಸ ಟಿಸಿಲು ಹೊಡೆದು, ದಿಕ್ಕಿಲ್ಲದ ನಾರುಗಳನ್ನ ತನ್ನ ಗುಂಪಿಗೆ ಸೇರಿಸ್ಕೋತದ. ಅದಕ್ಕೇ ಭಾಳ ದಿನ ಯಾರಿಗೂ ಗೊತ್ತಾಗಲ್ಲ. ಕಾಕಾ ಅಂಗಿ ಗುಂಡಿ ಹಾಕ್ಲಿಕ್ಕೆ ಒದ್ದಾಡೋ ಹೊತ್ತಿಗೆ ಎಷ್ಟೋ ನರ ಹೋಗಿರ್ತಾವ. ಪೋಲಿಯೊ ವೈರಸ್ ಕೊಲ್ಲೋದೂ ಇದೇ ಕೋಶಗಳನ್ನ. ಆದ್ರ ಅದು ಬಂದು ಹೋಗ್ತದ, ಟಿಸಿಲು ವರ್ಷಾನುಗಟ್ಲೆ ಕೆಲಸ ಮಾಡ್ತಾವ. ಇಲ್ಲಿ ಟಿಸಿಲು ಕೊಟ್ಟ ನರಾನೂ ಮುಂದ ಸಾಯ್ತದ, ಆಗ ಇಡೀ ದೊಡ್ಡ ಗುಂಪೇ ಒಮ್ಮಿಗೇ ಕೈಬಿಡ್ತದ. ಉಳಿದದ್ದನ್ನ ದಣಸಬಾರದು ಅನ್ನೋದು ಇದಕ್ಕೇ. ನಾ ಮಾಡಸೋದು ಕೀಲು ಬಿಗಿಯದಂಗ ಮೆಲ್ಲಕ ಕೈಕಾಲು ಆಡಸೋದು, ಅಷ್ಟ.

ರಿಲುಝೋಲ್ ಗುಳಿಗಿ ನಡದದ. 1995ರಾಗ ಅಮೆರಿಕಾದಾಗ ಒಪ್ಪಿಗಿ ಸಿಕ್ಕ ಔಷಧ. ಒಂದಿಷ್ಟು ತಿಂಗಳು ಹೆಚ್ಚಿಗಿ ಕೊಡ್ತದ, ಹೋದ ಮಾಂಸ ತರಲ್ಲ. ಎಣ್ಣಿ ತಿಕ್ಕಿ ವಾಸಿ ಮಾಡ್ತೀನಿ ಅಂತ ಬಂದವನ್ನ ಕಾಕು ವಾಪಸ್ ಕಳಿಸ್ಯಾರ, ಶಾಣೇರು. ನೀರು ಕುಡಿಯುವಾಗ ಕೆಮ್ಮು, ಮಲಗಿದಾಗ ದಮ್ಮು ಬಂದ್ರ ಕೂಡ್ಲೇ ಹೇಳ್ರಿ ಅಂತ ಅವರಿಗೆ ಹೇಳೀನಿ; ನುಂಗೋ, ಉಸಿರಾಡೋ ಸ್ನಾಯುಗಳಿಗೂ ಇದೇ ಜಾತಿ ನರ.

ಬರೋ ತಿಂಗಳು ನಿಮ್ಹಾನ್ಸ್‌ಗೆ ಹೋಗಬೇಕು. ನೀ ಪುಣೆದಾಗ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತು, ನಾವು ಕಲಬುರಗಿದಾಗ ಹತ್ತತೀವಿ. ಕಾಕಾಗ ಕೆಳಗಿನ ಬರ್ತ್ ಈಗೇ ಬುಕ್ ಮಾಡಿ ಇಡು.

ನಿನ್ನ,
ಮಲ್ಲು